ಬೆಂಗಳೂರಿನಲ್ಲಿ ಹುಟ್ಟಿದ ಪ್ರಶ್ನೆ, ಸೂರ್ಯನತ್ತ ಹೊರಟ ನೌಕೆ: ವಿಕ್ರಮ್ ಸಾರಾಭಾಯಿ ಬದುಕಿನ ಕಥೆ

2024ರ ಜನವರಿ 6ರಂದು ಭಾರತದ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ತನ್ನ ಕಕ್ಷೆ ಸೇರಿತು. ಗ್ರಹಣದ ಕಾಟವಿಲ್ಲದೆ, ರಾತ್ರಿಯ ಅಡ್ಡಿಯಿಲ್ಲದೆ ಸೂರ್ಯನನ್ನೇ ನೋಡುತ್ತಿರಬಹುದಾದ ಜಾಗ ಅದು. ನೌಕೆಯಲ್ಲಿ ಏಳು ಉಪಕರಣಗಳಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ ಉಪಕರಣ ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೂ, ಕಾಣದ ಅವಕೆಂಪು ಅಂದರೆ ಇನ್‌ಫ್ರಾರೆಡ್ ಬೆಳಕನ್ನೂ ಹಿಡಿಯುತ್ತದೆ. ಪುಣೆಯ ಐಯುಕಾ ಸಂಸ್ಥೆಯ ದೂರದರ್ಶಕ ನೇರಳಾತೀತ ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಎಲ್ಲರೂ ಪಿಆರ್‌ಎಲ್ ಎಂದೇ ಕರೆಯುವ ಸಂಸ್ಥೆ, ಸೂರ್ಯನಿಂದ ಹಾರಿಬರುವ ಕಣಗಳನ್ನು ಅಳೆಯುವ ಉಪಕರಣ ಕಟ್ಟಿಕೊಟ್ಟಿದೆ.

ಈ ಪಟ್ಟಿಯಲ್ಲಿರುವ ಬೆಂಗಳೂರು ಮತ್ತು ಅಹಮದಾಬಾದುಗಳ ನಂಟು ಇಂದು ನಿನ್ನೆಯದಲ್ಲ. ಸೂರ್ಯ ತನ್ನ ಸುತ್ತಲಿನ ಆಕಾಶವನ್ನು ಹೇಗೆ ಬದಲಿಸುತ್ತಾನೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಗುಜರಾತಿನ ಯುವಕನೊಬ್ಬ 1940ರ ದಶಕದಲ್ಲಿ ಈ ಎರಡೂ ಊರುಗಳ ನಡುವೆ ಗಂಟು ಹಾಕಿದ್ದ. ಆತನೇ ಡಾ. ವಿಕ್ರಮ್ ಸಾರಾಭಾಯಿ. ಭಾರತದ ಒಂದೇ ಒಂದು ಉಪಗ್ರಹವನ್ನೂ ನೋಡದೆ 52ನೇ ವಯಸ್ಸಿಗೆ ಕಣ್ಮುಚ್ಚಿದ ಆ ಮನುಷ್ಯನ ಬದುಕು ಹೇಗಿತ್ತು?

ಗಿರಣಿ ಮಾಲೀಕರ ಮನೆಯ ಹುಡುಗ

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ಕ್ಯಾಲಿಕೋ ಬಟ್ಟೆ ಗಿರಣಿಯ ಒಡೆಯರು, ನಗರದ ದೊಡ್ಡ ಉದ್ಯಮಿ. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಕುಟುಂಬ. ಶಾಹಿಬಾಗ್ ಪ್ರದೇಶದ ‘ರಿಟ್ರೀಟ್’ ಎಂಬ ದೊಡ್ಡ ಮನೆಯಲ್ಲೇ ಮಕ್ಕಳಿಗಾಗಿ ಶಾಲೆ ನಡೆಯುತ್ತಿತ್ತು. ಮಾಂಟೆಸರಿ ಪದ್ಧತಿಯಲ್ಲಿ, ಕೈಯಾರೆ ಮಾಡಿ ಕಲಿಯುವ ಪಾಠ. ಗಾಂಧೀಜಿಯವರ ಒಡನಾಟವಿದ್ದ ಆ ಮನೆಗೆ ದೇಶದ ದೊಡ್ಡ ದೊಡ್ಡವರೆಲ್ಲ ಬಂದು ಹೋಗುತ್ತಿದ್ದರು. ಒಂದು ಕಡೆ ಗಿರಣಿಯ ಸಿರಿತನ, ಇನ್ನೊಂದು ಕಡೆ ಸ್ವಾತಂತ್ರ್ಯ ಚಳವಳಿಯ ಬಿಸಿ. ಇವೆರಡರ ನಡುವೆ ಬೆಳೆದ ಹುಡುಗನಿಗೆ ಯಂತ್ರಗಳ ಮೇಲೆ ಮೋಹ.

ಗುಜರಾತ್ ಕಾಲೇಜಿನಲ್ಲಿ ಓದಿದ ನಂತರ ವಿಕ್ರಮ್ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ 1940ರಲ್ಲಿ ವಿಜ್ಞಾನ ಪದವಿ ಮುಗಿಸಿದರು. ಮುಂದಿನ ಸಂಶೋಧನೆಯೂ ಅಲ್ಲೇ ಎಂದುಕೊಂಡಿದ್ದ ಹೊತ್ತಿಗೆ ಎರಡನೇ ಮಹಾಯುದ್ಧ ಅಡ್ಡ ಬಂತು. ಯುವಕ ಭಾರತಕ್ಕೆ ಮರಳಬೇಕಾಯಿತು. ಆದರೆ ಕೇಂಬ್ರಿಡ್ಜ್ ತಪ್ಪಿದ್ದೇ ಒಳ್ಳೆಯದಾಯಿತೇನೋ. ಅವರು ಬಂದು ಸೇರಿದ್ದು ಬೆಂಗಳೂರಿಗೆ!

ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ವಿ. ರಾಮನ್ ಶಿಷ್ಯ

ಬೆಂಗಳೂರಿನ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಸರ್ ಸಿ.ವಿ. ರಾಮನ್ ಇದ್ದರು. ಯುದ್ಧದ ಕಾರಣಕ್ಕೆ ಊರಿಗೆ ಬಂದು ಸಿಕ್ಕಿಕೊಂಡಿದ್ದ ಹೋಮಿ ಭಾಭಾ ಕೂಡ ಅಲ್ಲೇ ಇದ್ದರು. ರಾಮನ್ ಅವರ ಮಾರ್ಗದರ್ಶನದಲ್ಲಿ ಸಾರಾಭಾಯಿ ಕೈಗೆತ್ತಿಕೊಂಡ ವಿಷಯ ಕಾಸ್ಮಿಕ್ ಕಿರಣ, ಅಂದರೆ ವಿಶ್ವಕಿರಣ.

ಏನಿದು ವಿಶ್ವಕಿರಣ? ಹೆಸರಿಗೆ ಕಿರಣವಾದರೂ ಇವು ನಿಜಕ್ಕೂ ಕಣಗಳು. ಬಾಹ್ಯಾಕಾಶದ ಎಲ್ಲ ದಿಕ್ಕುಗಳಿಂದ ಭಾರೀ ವೇಗದಲ್ಲಿ ಬಂದು ಭೂಮಿಯ ಗಾಳಿಗೆ ಬಡಿಯುತ್ತವೆ. ಅಲ್ಲಿ ಒಡೆದು ಸಣ್ಣ ಕಣಗಳ ಮಳೆಯಾಗಿ ನೆಲ ಮುಟ್ಟುತ್ತವೆ. ಈ ಮಳೆ ಸದಾ ಒಂದೇ ಸಮನಾಗಿ ಬೀಳುವುದಿಲ್ಲ, ಹೊತ್ತು ಹೊತ್ತಿಗೆ ಅಷ್ಟಿಷ್ಟು ಏರಿಳಿಯುತ್ತದೆ. ಹಾಗೇಕೆ? ಅದಕ್ಕೂ ಸೂರ್ಯನಿಗೂ ಏನು ಸಂಬಂಧ? ಇದೇ ಸಾರಾಭಾಯಿ ಹಿಡಿದ ಪ್ರಶ್ನೆ. ಗೈಗರ್ ಕೌಂಟರ್‌ಗಳನ್ನು ಜೋಡಿಸಿಟ್ಟುಕೊಂಡು ಕಣಗಳನ್ನು ಎಣಿಸುತ್ತಾ ಕೂರುವ, ತಾಳ್ಮೆ ಬೇಡುವ ಕೆಲಸ ಅದು. 1942ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು. ಮರುವರ್ಷ ಉಪಕರಣ ಹೊತ್ತು ಕಾಶ್ಮೀರದ ಬೆಟ್ಟಗಳನ್ನು ಹತ್ತಿದರು. ಎತ್ತರಕ್ಕೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಆಕಾಶದ ಸುದ್ದಿ ಹೆಚ್ಚು ಸ್ಪಷ್ಟ. ಇನ್ನೂ ಮೇಲಕ್ಕೆ ಹೋದರೆ ಹೇಗೆ ಎಂಬ ಆಸೆಯ ಬೀಜ ಅಲ್ಲೇ ಇತ್ತು.

ಬೆಂಗಳೂರು ಅವರಿಗೆ ಬಾಳಸಂಗಾತಿಯನ್ನೂ ಕೊಟ್ಟಿತು. ಭರತನಾಟ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯ ಇದೇ ಊರಿನಲ್ಲಿ ಗಾಢವಾಯಿತು. 1942ರಲ್ಲಿ ಮದ್ರಾಸಿನಲ್ಲಿ ಮದುವೆ. ಆಗ ಕ್ವಿಟ್ ಇಂಡಿಯಾ ಚಳವಳಿ ಕಾವೇರಿದ್ದ ಕಾಲ. ವರನ ಮನೆಯವರಿಗೇ ಮದುವೆಗೆ ಬರಲಾಗಲಿಲ್ಲ.

ಎರಡು ಕೋಣೆಯಲ್ಲಿ ಶುರುವಾದ ಪ್ರಯೋಗಾಲಯ

ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್‌ಗೆ ಹೋದ ಸಾರಾಭಾಯಿ, 1947ರಲ್ಲಿ ವಿಶ್ವಕಿರಣಗಳ ಮೇಲಿನ ಅಧ್ಯಯನಕ್ಕೆ ಡಾಕ್ಟರೇಟ್ ಪಡೆದು ಹಿಂತಿರುಗಿದರು. ದೇಶ ಆಗಷ್ಟೇ ಸ್ವತಂತ್ರವಾಗಿತ್ತು, ಜೊತೆಗೆ ವಿಭಜನೆಯ ನೋವಿನಲ್ಲಿ ಬೇಯುತ್ತಿತ್ತು. ಅಂಥ ಹೊತ್ತಿನಲ್ಲಿ, 1947ರ ನವೆಂಬರ್ 11ರಂದು, 28ರ ಹರೆಯದ ಸಾರಾಭಾಯಿ ಅಹಮದಾಬಾದಿನಲ್ಲಿ ಪಿಆರ್‌ಎಲ್ ಆರಂಭಿಸಿದರು. ಸ್ವಂತ ಕಟ್ಟಡವಿರಲಿಲ್ಲ. ಎಂ.ಜಿ. ಸೈನ್ಸ್ ಇನ್‌ಸ್ಟಿಟ್ಯೂಟ್‌ನ ಒಂದೆರಡು ಕೋಣೆಗಳೇ ಪ್ರಯೋಗಾಲಯ.

ಸಂಸ್ಥೆಯ ಮೊದಲ ನಿರ್ದೇಶಕ ಸ್ಥಾನದಲ್ಲಿ ಅವರು ತಾವು ಕೂರಲಿಲ್ಲ. ತಮಗಿಂತ ಬಹಳ ಹಿರಿಯರಾದ, ಹವಾಮಾನ ಇಲಾಖೆಯಿಂದ ನಿವೃತ್ತರಾಗುತ್ತಿದ್ದ ಕೆ.ಆರ್. ರಾಮನಾಥನ್ ಅವರನ್ನು ಕರೆತಂದರು. ರಾಮನಾಥನ್ ಕೂಡ ಸಿ.ವಿ. ರಾಮನ್ ಅವರ ಶಿಷ್ಯರೇ. ಅವರ ಪರಿಣತಿ ವಾತಾವರಣದ ಓಝೋನ್ ಪದರ.

ಈ ಜೋಡಿ ಎಷ್ಟು ಸರಿಯಾಗಿತ್ತು ಎಂಬುದನ್ನು ಇಂದು ಹಿಂತಿರುಗಿ ನೋಡಿದರೆ ತಿಳಿಯುತ್ತದೆ. ಆಕಾಶಕಾಯಗಳು ಬರೀ ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಸೂಸುವುದಿಲ್ಲ. ನೇರಳೆ ಬಣ್ಣದಾಚೆ ನೇರಳಾತೀತ ಬೆಳಕಿದೆ, ಕೆಂಪಿನಾಚೆ ಅವಕೆಂಪು ಬೆಳಕಿದೆ. ಆದರೆ ನೇರಳಾತೀತದ ಬಹುಪಾಲನ್ನು ಓಝೋನ್ ತಡೆದುಬಿಡುತ್ತದೆ. ಅವಕೆಂಪಿನ ಬಹುಪಾಲನ್ನು ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ನುಂಗಿಬಿಡುತ್ತವೆ. ನಮ್ಮ ಜೀವ ಕಾಯುವ ಈ ಗಾಳಿಯೇ ಖಗೋಳ ವಿಜ್ಞಾನಿಯ ಕಣ್ಣಿಗೆ ಕಟ್ಟಿದ ಪರದೆ. ಮೇಲಿನಿಂದ ಏನು ಬರುತ್ತದೆ ಎಂದು ಕೇಳುವ ಸಾರಾಭಾಯಿ, ಅದನ್ನು ತಡೆಯುವ ಗಾಳಿ ಎಂಥದ್ದು ಎಂದು ಕೇಳುವ ರಾಮನಾಥನ್. ಒಂದೇ ಪ್ರಯೋಗಾಲಯದಲ್ಲಿ ಎರಡೂ ಪ್ರಶ್ನೆಗಳು ಜೊತೆಯಾದವು.

1952ರಲ್ಲಿ ಪಿಆರ್‌ಎಲ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಸ್ವತಃ ಸಿ.ವಿ. ರಾಮನ್. 1954ರಲ್ಲಿ ಉದ್ಘಾಟಿಸಿದ್ದು ಪ್ರಧಾನಿ ನೆಹರೂ. ಅಹಮದಾಬಾದ್, ಕೊಡೈಕೆನಾಲ್, ತಿರುವನಂತಪುರ, ಗುಲ್ಮಾರ್ಗ್‌ಗಳಲ್ಲಿ ವಿಶ್ವಕಿರಣ ಅಳೆಯುವ ಕೇಂದ್ರಗಳು ತಲೆ ಎತ್ತಿದವು.

ಔಷಧ ಕಂಪನಿ, ಮ್ಯಾನೇಜ್‌ಮೆಂಟ್ ಶಾಲೆ, ನೃತ್ಯಶಾಲೆ

ಸಾರಾಭಾಯಿ ಬರೀ ಲ್ಯಾಬಿನಲ್ಲಿ ಕೂತ ವಿಜ್ಞಾನಿಯಲ್ಲ. ಬಟ್ಟೆ ಗಿರಣಿಗಳ ಸಂಶೋಧನೆಗೆಂದು ಅಹಮದಾಬಾದಿನಲ್ಲಿ ‘ಅಟಿರಾ’ ಸಂಸ್ಥೆ ಕಟ್ಟಿದರು. ವಡೋದರದಲ್ಲಿದ್ದ ಕುಟುಂಬದ ಔಷಧ ಉದ್ಯಮದ ಹೊಣೆ ಹೊತ್ತರು. ಅದೇ ಊರಿನಲ್ಲಿ 1960ರಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆ ಹುಟ್ಟುಹಾಕಿದರು. ದೇಶದಲ್ಲಿ ಮಾರುಕಟ್ಟೆ ಸಮೀಕ್ಷೆ ಎಂಬುದನ್ನು ವ್ಯವಸ್ಥಿತವಾಗಿ ಮಾಡಿದ ಮೊದಲಿಗರ ಸಾಲಿನಲ್ಲಿ ಅದೂ ಒಂದು. 1961ರಲ್ಲಿ ಬಂದ ಅಹಮದಾಬಾದ್ ಐಐಎಂ ಹಿಂದೆಯೂ ಅವರದ್ದೇ ಓಡಾಟ. ಪತ್ನಿಯ ಜೊತೆ ಸೇರಿ ‘ದರ್ಪಣ’ ಎಂಬ ನೃತ್ಯ ಮತ್ತು ರಂಗಕಲೆಗಳ ಶಾಲೆಯನ್ನೂ ತೆರೆದರು.

ಹೀಗೆ ಒಂದು ಕಾಲನ್ನು ಉದ್ಯಮದಲ್ಲಿ, ಇನ್ನೊಂದು ಕಾಲನ್ನು ವಿಜ್ಞಾನದಲ್ಲಿ ಇಟ್ಟಿದ್ದರಿಂದ ಅವರಿಗೊಂದು ಪಾಠ ಸಿಕ್ಕಿತ್ತು. ಯಾವುದೇ ಸಂಸ್ಥೆ ನಿಲ್ಲುವುದು ಕಟ್ಟಡದ ಮೇಲಲ್ಲ, ನಂಬಿ ಬಿಟ್ಟುಕೊಟ್ಟ ಜನರ ಮೇಲೆ. ಯುವಕರನ್ನು ಆರಿಸಿ, ಅವರ ವಯಸ್ಸಿಗೆ ಮೀರಿದ ಕೆಲಸ ಹೊರಿಸಿ, ತಪ್ಪಾದರೂ ಬೆನ್ನಿಗೆ ನಿಲ್ಲುವುದು ಅವರ ರೀತಿಯಾಗಿತ್ತು.

ಹಾಗೆ ಆರಿಸಿಕೊಂಡವರಲ್ಲಿ ಒಬ್ಬರು ಉಡುಪಿಯ ಅದಮಾರಿನ ಯು.ಆರ್. ರಾವ್. ಸಾರಾಭಾಯಿ ಅವರ ಬಳಿಯೇ ವಿಶ್ವಕಿರಣಗಳ ಮೇಲೆ ಡಾಕ್ಟರೇಟ್ ಮಾಡಿದ ರಾವ್, ಅಮೆರಿಕಕ್ಕೆ ಹೋಗಿ ಅಲ್ಲಿನ ನೌಕೆಗಳು ಕಳಿಸಿದ ಮಾಹಿತಿಯ ಮೇಲೆ ಕೆಲಸ ಮಾಡಿದರು. ಸೂರ್ಯನಿಂದ ಕಣಗಳ ಗಾಳಿ ಎಡೆಬಿಡದೆ ಬೀಸುತ್ತಿರುತ್ತದೆ ಎಂಬುದನ್ನು ತೋರಿಸಿಕೊಟ್ಟ ಆರಂಭಿಕ ಸಂಶೋಧಕರಲ್ಲಿ ಅವರೂ ಒಬ್ಬರು. ಗುರು ನೆಲದ ಮೇಲೆ ಕೂತು ಎಣಿಸುತ್ತಿದ್ದ ಕಣಗಳ ಏರಿಳಿತಕ್ಕೆ ಉತ್ತರ ಸೂರ್ಯನ ಈ ಗಾಳಿಯಲ್ಲೇ ಅಡಗಿತ್ತು. 1966ರಲ್ಲಿ ರಾವ್ ಪಿಆರ್‌ಎಲ್‌ಗೆ ಮರಳಿದರು.

ಚರ್ಚಿನ ಅಂಗಳದಿಂದ ರಾಕೆಟ್

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಬೆಟ್ಟ ಹತ್ತಿ ಆಕಾಶ ನೋಡುತ್ತಿದ್ದವರಿಗೆ ಹೊಸ ಏಣಿ ಸಿಕ್ಕಂತಾಯಿತು. 1962ರಲ್ಲಿ ಭಾರತ ಸರ್ಕಾರ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚಿಸಿತು, ಸಾರಾಭಾಯಿ ಅದರ ಅಧ್ಯಕ್ಷರಾದರು.

ರಾಕೆಟ್ ಹಾರಿಸಲು ಆರಿಸಿದ ಜಾಗ ಕೇರಳದ ತುಂಬಾ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವ ಮೀನುಗಾರರ ಹಳ್ಳಿ ಅದು. ಅಲ್ಲಿ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಮತ್ತು ಊರಿನ ಜನ ವಿಜ್ಞಾನಕ್ಕಾಗಿ ಜಾಗ ಬಿಟ್ಟುಕೊಟ್ಟರು. ಚರ್ಚ್ ಕಚೇರಿಯಾಯಿತು. ರಾಕೆಟ್‌ನ ಭಾಗಗಳು ಸೈಕಲ್ ಮೇಲೆ ಸಾಗಿದವು. 1963ರ ನವೆಂಬರ್ 21ರ ಸಂಜೆ ಅಮೆರಿಕದ ನೈಕಿ-ಅಪಾಚೆ ರಾಕೆಟ್ ಅಲ್ಲಿಂದ ಮೇಲೇರಿ, ಸೋಡಿಯಂ ಆವಿಯ ಮೋಡ ಬಿಟ್ಟಿತು. ಭಾರತದ ಬಾಹ್ಯಾಕಾಶ ಯುಗ ಶುರುವಾಗಿದ್ದು ಹೀಗೆ.

ಹಸಿದ ದೇಶಕ್ಕೆ ಆಕಾಶ ಯಾಕೆ?

ಆದರೆ ಆ ಕಾಲದ ಭಾರತ ಹೇಗಿತ್ತು? ಅರವತ್ತರ ದಶಕದಲ್ಲಿ ಎರಡು ಯುದ್ಧ, ಮೇಲಿಂದ ಮೇಲೆ ಬರ, ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗಾಗಿ ಕಾಯುವ ಸ್ಥಿತಿ. ಇಂಥ ದೇಶಕ್ಕೆ ರಾಕೆಟ್ ಬೇಕೇ ಎಂದು ಕೇಳಿದವರು ತಪ್ಪು ಮಾಡಲಿಲ್ಲ. ಸಾರಾಭಾಯಿ ಆ ಪ್ರಶ್ನೆಯನ್ನು ತಳ್ಳಿಹಾಕಲೂ ಇಲ್ಲ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸುವ ಪೈಪೋಟಿ ನಮಗೆ ಬೇಡ, ಆದರೆ ಜನರ ಕಷ್ಟ ನೀಗಲು ಹೊಸ ತಂತ್ರಜ್ಞಾನ ಬಳಸುವುದರಲ್ಲಿ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಅವರ ನಿಲುವಾಗಿತ್ತು.

ಈ ನಿಲುವಿಗೆ ಅವರು ಬೆಲೆಯನ್ನೂ ತೆತ್ತರು. ವಿಶ್ವಕಿರಣದ ವಿಜ್ಞಾನಿ ತಾನು ಕಟ್ಟುತ್ತಿದ್ದ ಬಾಹ್ಯಾಕಾಶ ಕಾರ್ಯಕ್ರಮದ ಮೊದಲ ಸಾಲಿನಲ್ಲಿ ಇಟ್ಟಿದ್ದು ತನ್ನ ಪ್ರಶ್ನೆಯನ್ನಲ್ಲ. ಹಳ್ಳಿಗೆ ಟಿ.ವಿ., ರೈತನಿಗೆ ಹವಾಮಾನ ಸುದ್ದಿ, ದೇಶಕ್ಕೆ ನೆಲ-ಜಲದ ಲೆಕ್ಕ, ಇವು ಮುಂದೆ ಬಂದವು. ದೂರದರ್ಶಕ ಹೊತ್ತ ಉಪಗ್ರಹ ಹಿಂದೆ ಸರಿಯಿತು.

ಇದಕ್ಕೊಂದು ಸೊಗಸಾದ ಉದಾಹರಣೆ ಕೇರಳದ ತೆಂಗಿನ ತೋಟದ್ದು. 1970ರ ಸುಮಾರಿಗೆ ಅಲ್ಲಿನ ತೆಂಗಿಗೆ ಬೇರು ರೋಗ ಬಡಿದಿತ್ತು. ಪಿಆರ್‌ಎಲ್‌ನಲ್ಲಿದ್ದ ಪಿ.ಆರ್. ಪಿಶಾರಟಿ ಅವರ ತಂಡ ಹೆಲಿಕಾಪ್ಟರ್‌ನಿಂದ ಅವಕೆಂಪು ಫಿಲ್ಮ್ ಬಳಸಿ ತೋಟಗಳ ಫೋಟೋ ತೆಗೆಯಿತು. ಆರೋಗ್ಯವಂತ ಎಲೆ ಅವಕೆಂಪು ಬೆಳಕನ್ನು ಹೆಚ್ಚು ಹಿಂದಕ್ಕೆ ಚೆಲ್ಲುತ್ತದೆ, ಸೊರಗಿದ ಎಲೆ ಕಡಿಮೆ. ಹಾಗಾಗಿ ಯಾವ ಮರಕ್ಕೆ ರೋಗ ತಗುಲಿದೆ ಎಂಬುದು ಫೋಟೋದಲ್ಲೇ ಗೊತ್ತಾಗುತ್ತದೆ. ಭಾರತದಲ್ಲಿ ದೂರ ಸಂವೇದನೆಗೆ ನಾಂದಿ ಹಾಡಿದ್ದು ಈ ಪ್ರಯೋಗ. ನಕ್ಷತ್ರ ನೋಡಲು ಬಳಕೆಯಾಗುವ ಬೆಳಕನ್ನೇ ಸಾರಾಭಾಯಿ ಕಾಲದ ವಿಜ್ಞಾನಿಗಳು ಮೊದಲು ತೆಂಗಿನ ಮರದತ್ತ ತಿರುಗಿಸಿದ್ದರು.

ಹಳ್ಳಿಗೆ ಟಿ.ವಿ. ತಲುಪಿಸುವ ಯೋಜನೆಗೆ 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಅದೇ ವರ್ಷ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಮುಂದೆ 1975-76ರಲ್ಲಿ ನಾಸಾದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಪ್ರಸಾರವಾದಾಗ ಕರ್ನಾಟಕದ ವಿಜಯಪುರ, ಕಲಬುರಗಿ, ರಾಯಚೂರು ಭಾಗದ ಹಳ್ಳಿಗರೂ ಊರ ಟಿ.ವಿ. ಮುಂದೆ ಕೂತು ಕನ್ನಡ ಕಾರ್ಯಕ್ರಮ ನೋಡಿದರು. ಅದನ್ನು ನೋಡಲು ಸಾರಾಭಾಯಿ ಇರಲಿಲ್ಲ.

ಕೋವಲಂನ ಕೊನೆಯ ರಾತ್ರಿ

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಹೆಗಲಿಗೆ ಬಂತು. ಮುಂಬೈ, ದೆಹಲಿ, ಅಹಮದಾಬಾದ್, ತಿರುವನಂತಪುರ ಎಂದು ಎಡೆಬಿಡದ ಓಡಾಟ. ಇಷ್ಟರ ನಡುವೆಯೂ ಪಿಆರ್‌ಎಲ್‌ಗೆ ಬಂದು ವಿದ್ಯಾರ್ಥಿಗಳ ಸಂಶೋಧನೆಗೆ ಮಾರ್ಗದರ್ಶನ ಮಾಡುವುದನ್ನು ಬಿಡಲಿಲ್ಲ. 1970ರಲ್ಲಿ ಅಣುಶಕ್ತಿ ಮತ್ತು ಬಾಹ್ಯಾಕಾಶಕ್ಕೆ ಹತ್ತು ವರ್ಷಗಳ ಯೋಜನೆಯನ್ನು ದೇಶದ ಮುಂದಿಟ್ಟರು. ಭಾರತದ್ದೇ ಉಪಗ್ರಹ, ಭಾರತದ್ದೇ ಉಡಾವಣಾ ವಾಹನ ಎಲ್ಲವೂ ಅದರಲ್ಲಿತ್ತು. ಉಪಗ್ರಹ ಕಟ್ಟುವ ಕೆಲಸಕ್ಕೆ ಅವರು ನೆಚ್ಚಿಕೊಂಡಿದ್ದು ಯು.ಆರ್. ರಾವ್ ಅವರನ್ನು.

1971ರ ಡಿಸೆಂಬರ್ ಕೊನೆಯಲ್ಲಿ ತುಂಬಾದ ಕೆಲಸ ನೋಡಲು ಹೋದ ಸಾರಾಭಾಯಿ ಕೋವಲಂನ ಹ್ಯಾಲ್ಸಿಯನ್ ಕ್ಯಾಸಲ್‌ನಲ್ಲಿ ಉಳಿದುಕೊಂಡಿದ್ದರು. ಡಿಸೆಂಬರ್ 30ರಂದು ಅವರು ನಿದ್ದೆಯಿಂದ ಏಳಲಿಲ್ಲ. ವಯಸ್ಸು 52 ಅಷ್ಟೇ. 1966ರಲ್ಲಿ ಪದ್ಮಭೂಷಣ ಕೊಟ್ಟಿದ್ದ ಸರ್ಕಾರ, ಮರಣಾನಂತರ 1972ರಲ್ಲಿ ಪದ್ಮವಿಭೂಷಣ ನೀಡಿತು. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರು ಬಂತು.

ಪೀಣ್ಯದ ಶೆಡ್‌ನಿಂದ ಹೊಸಕೋಟೆಯವರೆಗೆ

ಒಬ್ಬನೇ ವ್ಯಕ್ತಿಯ ಸುತ್ತ ಕಟ್ಟಿದ ಕಾರ್ಯಕ್ರಮವಾಗಿದ್ದರೆ ಇಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ವಿಶ್ವಕಿರಣ ವಿಜ್ಞಾನಿಯೇ ಆದ ಎಂ.ಜಿ.ಕೆ. ಮೆನನ್ ಕೆಲವು ತಿಂಗಳು ಇಸ್ರೋ ಹೊಣೆ ಹೊತ್ತರು. 1972ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನಿರ್ದೇಶಕ ಸತೀಶ್ ಧವನ್ ಅಧ್ಯಕ್ಷರಾದರು. ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಸಾರಾಭಾಯಿ ವಿಜ್ಞಾನದ ಹಾದಿ ಹಿಡಿದಿದ್ದ ಊರಿಗೇ ಅವರ ಕನಸೂ ಮರಳಿತು.

ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ರಾವ್ ಅವರ ತಂಡ ಕಟ್ಟಿದ 360 ಕೆ.ಜಿ. ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಅದರೊಳಗೆ ಟಿ.ವಿ. ಉಪಕರಣ ಇರಲಿಲ್ಲ. ಇದ್ದದ್ದು ಆಕಾಶಕಾಯಗಳ ಎಕ್ಸ್-ಕಿರಣ, ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣ, ಮೇಲಿನ ವಾತಾವರಣ ಇವುಗಳ ಅಧ್ಯಯನಕ್ಕೆ ಬೇಕಾದ ಉಪಕರಣಗಳು. ವಿದ್ಯುತ್ ಪೂರೈಕೆಯ ತೊಂದರೆಯಿಂದ ಕೆಲವೇ ದಿನಗಳಲ್ಲಿ ಆ ಪ್ರಯೋಗಗಳು ನಿಂತುಹೋದವು. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ದೇಶ ಕಲಿತಿತ್ತು.

ಆಮೇಲೆ ಪಿಆರ್‌ಎಲ್ ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ ಅವಕೆಂಪು ವೀಕ್ಷಣಾಲಯ ಕಟ್ಟಿತು. ಸುಮಾರು 1,680 ಮೀಟರ್ ಎತ್ತರದ ಒಣ ಗಾಳಿಯಲ್ಲಿ ಅವಕೆಂಪಿಗೆ ಪರದೆ ತುಸು ತೆಳು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹಾರಿತು. ಅದರ ನೇರಳಾತೀತ ದೂರದರ್ಶಕ ರೂಪುಗೊಂಡಿದ್ದು ಬೆಂಗಳೂರು ಸಮೀಪದ ಹೊಸಕೋಟೆಯ ಪ್ರಯೋಗಾಲಯದಲ್ಲಿ. ಆ ಪ್ರಯೋಗಾಲಯದ ಹೆಸರು ಎಂ.ಜಿ.ಕೆ. ಮೆನನ್ ಅವರದ್ದು. 900 ಕೋಟಿ ಜ್ಯೋತಿರ್ವರ್ಷಗಳಿಗಿಂತಲೂ ದೂರದ ಗ್ಯಾಲಕ್ಸಿಯೊಂದರಿಂದ ಹೊರಟ ಪ್ರಬಲ ನೇರಳಾತೀತ ಬೆಳಕನ್ನು ಅದು ಗುರುತಿಸಿದ ಸುದ್ದಿ 2020ರಲ್ಲಿ ಜಗತ್ತಿನ ಗಮನ ಸೆಳೆಯಿತು.

ಮುಂದಿನ ಹೆಜ್ಜೆಯೇ ಆದಿತ್ಯ-ಎಲ್1. ಭೂಮಿಯ ಹತ್ತಿರದಲ್ಲಿ ಸುತ್ತಬೇಕಿದ್ದ ಸಣ್ಣ ನೌಕೆಯ ಯೋಜನೆ, ದೂರದ ಎಲ್1 ಬಿಂದುವಿಗೆ ಹೋಗುವ ದೊಡ್ಡ ಯೋಜನೆಯಾಗಿ ಬದಲಾಗುವುದರಲ್ಲಿ ಯು.ಆರ್. ರಾವ್ ಅವರ ಪಾತ್ರ ಮುಖ್ಯವಾಗಿತ್ತು. 2017ರಲ್ಲಿ ತೀರಿಕೊಂಡ ರಾವ್ ಕೂಡ ಗುರುವಿನಂತೆ ತಮ್ಮ ಯೋಜನೆಯ ಫಲ ನೋಡಲಿಲ್ಲ. 2023ರ ಸೆಪ್ಟೆಂಬರ್ 2ರಂದು ನೌಕೆ ಶ್ರೀಹರಿಕೋಟಾದಿಂದ ಹೊರಟಿತು. ಹೊಸಕೋಟೆಯಲ್ಲಿ ಸಿದ್ಧವಾದ ಉಪಕರಣ ಸೂರ್ಯಬಿಂಬವನ್ನು ಮರೆಮಾಡಿ, ಸುತ್ತಲಿನ ಕರೋನಾ ಪ್ರಭೆಯನ್ನು ಗೋಚರ ಮತ್ತು ಅವಕೆಂಪು ಬೆಳಕಿನಲ್ಲಿ ನೋಡುತ್ತದೆ. ಪುಣೆಯ ದೂರದರ್ಶಕ ನೇರಳಾತೀತದಲ್ಲಿ ಪೂರ್ತಿ ಸೂರ್ಯಬಿಂಬವನ್ನು ಸೆರೆಹಿಡಿಯುತ್ತದೆ. ಅಹಮದಾಬಾದಿನ ಉಪಕರಣ ಸೌರಗಾಳಿಯ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಸೂರ್ಯನಲ್ಲಿ ಏನಾಯಿತು ಎಂಬುದನ್ನು ಬೆಳಕು ಹೇಳಿದರೆ, ಅದರಿಂದ ನಮ್ಮತ್ತ ಏನು ಬಂತು ಎಂಬುದನ್ನು ಕಣಗಳು ಹೇಳುತ್ತವೆ. ನಮ್ಮ ಮೊಬೈಲ್, ಜಿಪಿಎಸ್, ವಿದ್ಯುತ್ ಜಾಲಗಳಿಗೆ ತೊಂದರೆ ಕೊಡಬಲ್ಲ ಸೌರ ಬಿರುಗಾಳಿಯನ್ನು ಅರಿಯಲು ಎರಡೂ ಬೇಕು.

ಹೌದು, 80 ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಗೈಗರ್ ಕೌಂಟರ್ ಮುಂದೆ ಕೂತ ಯುವಕ ಮಾಡುತ್ತಿದ್ದುದೂ ಇದೇ ಎಣಿಕೆ. ಸೂರ್ಯನಿಗೂ ಆ ಕಣಗಳಿಗೂ ಏನು ನಂಟು ಎಂಬ ಸ್ವಂತ ಪ್ರಶ್ನೆಯನ್ನು ಸಾರಾಭಾಯಿ ದೇಶದ ಹಸಿವಿನ ಮುಂದೆ ಬದಿಗಿಟ್ಟರು, ಆದರೆ ಕೈಬಿಡಲಿಲ್ಲ. ಅದನ್ನು ಕಾಪಾಡುವ ಸಂಸ್ಥೆ ಕಟ್ಟಿ, ಮುಂದುವರಿಸುವ ಶಿಷ್ಯರನ್ನು ಬೆಳೆಸಿ ಹೋದರು. ಅಹಮದಾಬಾದಿನ ಒಂದೆರಡು ಕೋಣೆಗಳಲ್ಲಿ ಶುರುವಾದ ಆ ಪ್ರಯೋಗಾಲಯದ ಉಪಕರಣ ಇಂದು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದೇ ಎಣಿಕೆ ಮುಂದುವರಿಸಿದೆ.